ಮೂರನೆಯ ಕೋಣೆಯ ಸಮುದ್ರ

"ಅಲ್ಲೇ ಸ್ವಲ್ಪ ಬಿಗಿಯಾಗಿ ಹಿಡ್ಕೋ," ಎಂದು ಅಕ್ಕನಿಗೆ ಹೇಳಿ ಅವಳು ಸೂಜಿಯನ್ನು ಕೋಟಿನ ಒಳಗಿನಿಂದ ಮೇಲಕ್ಕೆ ಎಳೆದಳು. ಮೂರನೆಯ ಗುಂಡಿ ಸಡಿಲವಾಗಿತ್ತು. ಮೂವತ್ತೆಂಟು ವರ್ಷ ಊರವರ ಬಟ್ಟೆ ಹೊಲಿದವಳು ಸ್ವಂತ ಗಂಡನನ್ನು ಸಡಿಲ ಗುಂಡಿಯ ಕೋಟಿನಲ್ಲಿ ಕಳಿಸಿಕೊಟ್ಟಳಂತೆ ಎನ್ನುವ ಮಾತು ಬರಬಾರದು. ಗಂಡ ಮಾತ್ರ ಯಾವ ತಕರಾರೂ ಇಲ್ಲದೆ, ಇಸ್ತ್ರಿಯಾದ ನೀಲಿ ಕೋಟು ತೊಟ್ಟು, ಕಣ್ಣು ಮುಚ್ಚಿ ಮಲಗಿದ್ದ.

"ಮೈಮೇಲಿರೋ ಬಟ್ಟೆಗೆ ಸೂಜಿ ಹಾಕ್ತಾರೇನೆ? ಚುಚ್ಚುತ್ತೆ," ಎಂದಳು ಅಕ್ಕ.

"ಚುಚ್ಚಿದ್ರೆ ಎದ್ದು ಬೈಲಿ ಬಿಡು. ಹಾಗಾದ್ರೂ ಒಂದು ಮಾತು ಬರುತ್ತೆ."

ಅಕ್ಕನಿಗೆ ನಗು ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ಅದನ್ನು ಕೆಮ್ಮು ಮಾಡಿಕೊಂಡಳು.

ಬಾಗಿಲಲ್ಲಿ ಮಗ ಕಾಣಿಸಿಕೊಂಡ. ರೈಲು ನಿಲ್ದಾಣದಲ್ಲಿ ಗಾಡಿಗಳ ವೇಳೆ ಕೂಗಿ ಹೇಳುವುದು ಅವನ ಕೆಲಸ. ಮನೆಯ ಮಾತನ್ನೂ ಅದೇ ಧಾಟಿಯಲ್ಲಿ ಹೇಳುವುದು ಅವನ ಅಭ್ಯಾಸ. "ಅಮ್ಮ, ವ್ಯಾನು ಹತ್ತು ನಲವತ್ತಕ್ಕೆ ಹೊರಡುತ್ತೆ. ಅಪ್ಪ ಕಾವಲಿದ್ದ ಗ್ಯಾಲರಿ ಗೇಟಿಗೆ ಹನ್ನೊಂದು ಐದು. ಅಲ್ಲಿ ಹತ್ತು ನಿಮಿಷ. ಸ್ಮಶಾನ ಹನ್ನೆರಡಕ್ಕೆ."

"ಅಲ್ಲೇನು ನಿಲ್ಲೋದು ಮತ್ತೆ?"

"ಇವತ್ತು ಭಾನುವಾರ. ಜನ ಜಾಸ್ತಿ. ಕಾವಲಿನೋರು ಕೋಣೆ ಬಿಟ್ಟು ಬರೋ ಹಾಗಿಲ್ಲ. ಅದಕ್ಕೆ ನಾವೇ ಗೇಟಿಗೆ ಹೋಗ್ಬೇಕಂತೆ. ಯಾರು ತೀರಿಕೊಂಡ್ರೂ ಅಲ್ಲಿ ಹಾಗೇ ಮಾಡ್ತಾರಂತೆ."

ಅವನ ಹಿಂದೆಯೇ ಬಂದ ಒಬ್ಬ ನೀಲಿ ಕೋಟಿನವನು ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಎತ್ತರದಿಂದಾಗಿ ಚಿತ್ರಶಾಲೆಯಲ್ಲಿ ಅವನನ್ನು ಏಣಿ ಎಂದು ಕರೆಯುತ್ತಾರೆ. ಇವಳ ಗಂಡನ ಜೊತೆ ಹದಿನೆಂಟು ವರ್ಷ ಪಕ್ಕದ ಕೋಣೆ ಕಾದವನು. ಇವತ್ತು ಮಧ್ಯಾಹ್ನದ ಪಾಳಿ ಇದ್ದುದರಿಂದ ಮನೆಗೇ ಬಂದಿದ್ದ. ಸತ್ತವನ ಕಾಲ ಬಳಿ ಹೂವಿಟ್ಟು, ಕಣ್ಣೊರೆಸಿಕೊಂಡು, ಇವಳ ಕಡೆ ತಿರುಗಿದ.

"ಮಂಡಿ ನೋವು ಹೇಗಿದೆ ಅಕ್ಕಾ? ಎಡಗಾಲಲ್ವಾ? ನೆಲದ ಮೇಲೆ ಕೂರ್ಬೇಡಿ." ಆಮೇಲೆ ಮೆಲ್ಲಗೆ, "ಹೊಸ ಕನ್ನಡಕ ಚೆನ್ನಾಗಿ ಒಪ್ಪುತ್ತೆ. ಸೋಮವಾರ ಬಂದಿದ್ದಲ್ವಾ?" ಎಂದ.

ಅವಳ ಕೈಯಲ್ಲಿದ್ದ ನೂಲು ಹಾಗೇ ನಿಂತಿತು. ಇವನನ್ನು ಅವಳು ಜೀವಮಾನದಲ್ಲಿ ನೋಡಿರುವುದು ಎರಡು ಸಲ. ಕನ್ನಡಕ ಬಂದದ್ದು ಸೋಮವಾರ, ನಿಜ. ಆದರೆ ಅದು ಈ ಮನೆಯ ಗಂಡಸಿಗೇ ಗೊತ್ತಿರಲಿಲ್ಲವಲ್ಲ!

"ನಿಮಗ್ಯಾರು ಹೇಳಿದ್ದು?"

"ಕಡಲಣ್ಣ ಹೇಳಿದ್ರು," ಎಂದ ಏಣಿ ಮಲಗಿದ್ದವನ ಕಡೆ ಕೈ ತೋರಿಸಿ, ಮತ್ತಿನ್ಯಾರು ಹೇಳಬೇಕು ಎನ್ನುವ ಹಾಗೆ.

*

ಶುಕ್ರವಾರ ಬೆಳಿಗ್ಗೆ ಅವಳು ಮೆಷಿನ್ನಿನ ಮುಂದೆ ಕೂತು ಯಾರದೋ ಮಗುವಿನ ಅಂಗಿಗೆ ಕಾಲರು ಕೂರಿಸುತ್ತಿದ್ದಳು. ಗಂಡ ಚಹಾ ಮುಗಿಸಿ ಲೋಟ ತೊಳೆದಿಟ್ಟು ಕೋಟಿನ ಒಂದು ತೋಳಿಗೆ ಕೈ ತೂರಿಸಿದ್ದ. ಲೋಟ ತೊಳೆದಿಡುವ ಗಂಡಸು, ಕುಡಿಯದ ಗಂಡಸು, ಗದರದ ಗಂಡಸು. ಇದನ್ನೆಲ್ಲ ಹೇಳಿ ಅಕ್ಕಪಕ್ಕದವರು ಅವಳನ್ನು ಪುಣ್ಯವಂತೆ ಅನ್ನುತ್ತಿದ್ದರು. ಹೌದಪ್ಪ, ಗೋಡೆಯೂ ಗದರುವುದಿಲ್ಲ.

ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ ಅವಳು ಕಾದಿದ್ದಳು. ಕನ್ನಡಕದ ಕಪ್ಪು ಚೌಕಟ್ಟು ಹೋಗಿ ಕೆಂಪು ಚೌಕಟ್ಟು ಬಂದಿದೆ, ಮುಖವೇ ಬದಲಾಗಿದೆ. ಬೆಣ್ಣೆ ಮಾರುವವಳು ಕೇಳಿದಳು, ಪೋಸ್ಟಿನವನು ಕೇಳಿದ, ಮೇಲಿನ ಮನೆಯ ಕಿವುಡು ಮುದುಕಿ ಕೂಡ ಕೈಸನ್ನೆ ಮಾಡಿ ಚೆನ್ನಾಗಿದೆ ಎಂದಳು. ಎದುರಿಗೆ ಕೂತು ಉಣ್ಣುವವನು ಮಾತ್ರ ತುಟಿ ಬಿಚ್ಚಲಿಲ್ಲ.

"ರೀ," ಎಂದಳು ಮೆಷಿನ್ನು ನಿಲ್ಲಿಸಿ. "ನನ್ನ ಮುಖ ನೋಡಿ ಎಷ್ಟು ವರ್ಷ ಆಯ್ತು ನಿಮಗೆ?"

ಅವನು ಒಂದು ತೋಳು ಒಳಗೆ, ಒಂದು ಹೊರಗೆ ನಿಂತ. ಬಾಯಿ ತೆರೆದ. ಏನೋ ದೊಡ್ಡದು ಬರುತ್ತದೆ ಎನ್ನಿಸಿತು.

"ಬಸ್ಸು ಬಂದುಬಿಡುತ್ತೆ," ಎಂದು ಹೊರಟುಹೋದ.

ಸಂಜೆ ಬಂದ, ಉಂಡ, ಮಲಗಿದ. ಶನಿವಾರ ಬೆಳಿಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಅರವತ್ತೆಂಟು ವರ್ಷ. ಚಿತ್ರಶಾಲೆಯಲ್ಲಿ ಕೂರುವ ಕೆಲಸಕ್ಕೆ ನಿವೃತ್ತಿ ಯಾಕೆ ಎಂದು ಇನ್ನೂ ಕೆಲಸದಲ್ಲೇ ಇಟ್ಟುಕೊಂಡಿದ್ದರು. ಸಾವು ಒಳ್ಳೆಯದೇ ಬಂತು, ಅವಳಿಗೆ ಅದರ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದದ್ದು ತನ್ನ ಪ್ರಶ್ನೆಗೆ ಉತ್ತರ ಕೊಡದೆ ಹೋದದ್ದಕ್ಕೆ. ನಲವತ್ತೊಂದು ವರ್ಷ ಜೊತೆಗಿದ್ದವನು ತನ್ನನ್ನು ನೋಡಿದ್ದನೋ ಇಲ್ಲವೋ ಎಂಬುದು ಒಬ್ಬ ಹೆಂಗಸಿಗೆ ಗೊತ್ತಿರಬೇಡವೇ? ಇನ್ನು ಯಾರನ್ನು ಕೇಳುವುದು?

*

ವ್ಯಾನು ಚಿತ್ರಶಾಲೆಯ ಹಿಂದಿನ ಗೇಟಿಗೆ ಬಂದಾಗ ಹನ್ನೊಂದು ಗಂಟೆ ಮೂರು ನಿಮಿಷ. ಎರಡು ನಿಮಿಷ ಮುಂಚೆ ಬಂದದ್ದು ಮಗನಿಗೆ ಸಮಾಧಾನ ತಂದಿತು. ನೀಲಿ ಕೋಟಿನವರು ಸರದಿಯಂತೆ ಇಬ್ಬಿಬ್ಬರಾಗಿ ಬಂದು, ತಲೆ ಬಾಗಿಸಿ, ಓಡೋಡಿ ತಮ್ಮ ಕೋಣೆಗಳಿಗೆ ಹಿಂತಿರುಗುತ್ತಿದ್ದರು. ಬಂದವರೆಲ್ಲ ಅವಳನ್ನೂ ಮಾತಾಡಿಸಿದರು. ಮಾತಾಡಿಸಿದ ರೀತಿಯೇ ವಿಚಿತ್ರ.

"ಮೆಷಿನ್ ಬೆಲ್ಟ್ ಸರಿಹೋಯ್ತಾ ಅಮ್ಮಾ?" ಎಂದ ಟಿಕೆಟು ಹರಿಯುವವನು.

"ಮಳೆಗಾಲದಲ್ಲಿ ನಿಮ್ಮ ಕೆಮ್ಮಿನದೇ ಯೋಚನೆ ನಮಗೆಲ್ಲ," ಎಂದಳು ಕಸ ಗುಡಿಸುವವಳು.

ಅವಳಿಗೆ ತಲೆ ಕೆಟ್ಟುಹೋಯಿತು. "ಅಲ್ಲ, ಈ ಮನುಷ್ಯ ಇಲ್ಲಿ ಬಾಯಿ ಬಿಡ್ತಿದ್ರಾ?"

"ಬಾಯಿ ಮುಚ್ಚಿಸೋದೇ ನಮಗೆ ಕಷ್ಟ ಆಗಿತ್ತು," ಎಂದಿತು ಒಂದು ಖಡಕ್ ದನಿ. ಬೆಳ್ಳಿ ಕೂದಲನ್ನು ಕತ್ತರಿಸಿಕೊಂಡ, ಕತ್ತಿನಲ್ಲಿ ಬಿಲ್ಲೆ ತೂಗಿಸಿಕೊಂಡ ಹೆಂಗಸು. ಬಂದವರಿಗೆ ಚಿತ್ರಗಳನ್ನು ವಿವರಿಸುವ ಗೈಡ್ ಮೇಡಂ. "ಕಾವಲಿನೋರು ಚಿತ್ರದ ಅರ್ಥ ಹೇಳ್ಬಾರ್ದು ಅಂತ ನಿಯಮ ಇದೆ. ಅದು ನನ್ನ ಕೆಲಸ. ಇಪ್ಪತ್ತಾರು ವರ್ಷ ನಿಮ್ಮ ಯಜಮಾನರು ನನ್ನ ಕೆಲಸ ಮಾಡಿದಾರೆ. ಅದೂ ತಪ್ಪು ತಪ್ಪಾಗಿ."

ಹೇಳುತ್ತ ಮೇಡಂ ನೆಟ್ಟಗಿದ್ದ ಬಿಲ್ಲೆಯನ್ನೇ ಮತ್ತೆ ಮತ್ತೆ ನೆಟ್ಟಗೆ ಮಾಡಿಕೊಂಡಳು. ಇಪ್ಪತ್ತಾರು ವರ್ಷ ಜಗಳವಾಡಿದವರು ಹೋದರೆ ದಿನ ಖಾಲಿಯಾಗುತ್ತದೆ.

ಮನೆಗೆ ಮಾರಿ, ಊರಿಗೆ ಉಪಕಾರಿ! ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನನಗೆ ಆ ಕೋಣೆ ತೋರ್ಸಿ," ಎಂದಳು. "ಏನು ನೋಡ್ಕೊಂಡು ಅಷ್ಟು ಮಾತಾಡ್ತಿದ್ರೋ ನಾನೂ ನೋಡ್ಬೇಕು."

"ಅಮ್ಮ, ಹನ್ನೊಂದು ಹದಿನೈದಕ್ಕೆ..." ಎಂದ ಮಗ.

"ನಿಮ್ಮಪ್ಪನಿಗೆ ಇನ್ನು ಯಾವ ಬಸ್ಸೂ ತಪ್ಪೋದಿಲ್ಲ, ಸುಮ್ನಿರು."

ಮಗ ವ್ಯಾನಿನ ಪಕ್ಕ ಉಳಿದ. ಏಣಿ ಮುಂದೆ, ಮೇಡಂ ಪಕ್ಕದಲ್ಲಿ, ಅವಳು ಎಡಗಾಲು ಎಳೆದುಕೊಂಡು ನಡೆದಳು. ಮೊದಲ ಕೋಣೆಯ ಚಿತ್ರಗಳಲ್ಲಿ ಮೀಸೆಯ ಗಂಡಸರು, ಎರಡನೆಯದರಲ್ಲಿ ಹಣ್ಣಿನ ಬುಟ್ಟಿಗಳು; ಬಂದ ಜನವೆಲ್ಲ ಇನ್ನೂ ಅಲ್ಲೇ ಇದ್ದರು. ಮೂರನೆಯ ಕೋಣೆಗೆ ಕಾಲಿಟ್ಟಾಗ ಅವಳು ಹೊಸ ಕನ್ನಡಕವನ್ನು ಒಮ್ಮೆ ತೆಗೆದು ಒರೆಸಿ ಹಾಕಿಕೊಂಡಳು.

ಎದುರು ಗೋಡೆಯ ತುಂಬ ಸಮುದ್ರ. ಎರಡು ಮಂಚ ಉದ್ದಕ್ಕೆ ಜೋಡಿಸಿದಷ್ಟು ಅಗಲದ ತೈಲಚಿತ್ರ. ಮೇಲೆ ಬೂದಿ ಬಣ್ಣದ ಮೋಡ, ಅದರಡಿಯಲ್ಲಿ ಒಂದೇ ಒಂದು ಹಳದಿ ಪಟ್ಟಿ. ನೀರು ದಡದ ಹತ್ತಿರ ಕೆಸರುಗಂದು, ನಡುವೆ ಕಪ್ಪು ಬೆರೆತ ನೀಲಿ, ದೂರದಲ್ಲಿ ಒರೆಸಿದ ಸ್ಲೇಟಿನ ಹಾಗೆ. ಬಣ್ಣ ಎಷ್ಟು ದಪ್ಪವಾಗಿ ಮೆತ್ತಿತ್ತೆಂದರೆ ನೊರೆಯಿರುವ ಕಡೆ ಗಟ್ಟಿಯಾಗಿ ಉಬ್ಬಿ ನಿಂತಿತ್ತು. ಮೂರು ದೋಣಿಗಳು ಹಾಯಿ ಬಿಚ್ಚಿ ಓರೆಯಾಗಿ ವಾಲಿದ್ದವು. ಅವಳು ಸಮುದ್ರ ನೋಡಿದವಳಲ್ಲ. ಅವಳ ಗಂಡನೂ ನೋಡಿರಲಿಲ್ಲ. ಸಮುದ್ರದ ನೀರಿಗೆ ಕಾಲಿಡದವನಿಗೆ ಇಲ್ಲಿ ಕಡಲಣ್ಣ ಎಂದು ಹೆಸರು.

"ಇದಕ್ಕೆ ಹೊಂದಿಸೋಕೆ ಹನ್ನೆರಡು ಥರ ನೂಲಾದ್ರೂ ಬೇಕು," ಎಂದಳು ಕೊನೆಗೆ.

"ಬೆಳಗೋ ಸಂಜೆಯೋ?" ಎಂದು ಮೇಡಂ ತಟ್ಟನೆ ಕೇಳಿದಳು. ಹೊಸಬರು ಯಾರು ಬಂದರೂ ಮೊದಲು ತನ್ನ ಪಕ್ಷಕ್ಕೆ ಎಳೆದುಕೊಳ್ಳುವುದು ರೂಢಿ. "ಆ ಹಳದಿ ನೋಡಿ. ಬೆಳಗಾಗಿದ್ರೆ ಅದು ನೀರಿನ ಮೇಲೂ ಹರಡ್ಬೇಕಿತ್ತು. ಆಕಾಶದಲ್ಲೇ ನಿಂತುಬಿಟ್ಟಿದೆ. ಆರ್ತಾ ಇರೋ ಬೆಳಕು. ದಣಿದು ವಾಪಸ್ಸು ಬರ್ತಿರೋ ದೋಣಿಗಳು. ಇಡೀ ಚಿತ್ರದಲ್ಲಿ ಒಂಥರಾ ವಿಷಾದ ಇದೆ."

"ಕಡಲಣ್ಣ ಒಪ್ತಾನೇ ಇರ್ಲಿಲ್ಲ," ಎಂದ ಏಣಿ. "ಮನೆ ಹತ್ರ ಬಂದೋರು ಹಾಯಿ ಮಡಚ್ತಾರೆ, ಇವ್ರು ಪೂರ್ತಿ ಬಿಚ್ಚಿದಾರೆ, ಈಗ ತಾನೇ ಹೊರಟಿದಾರೆ, ಹೊಟ್ಟೆ ತುಂಬಾ ತಿಂದಿದಾರೆ, ವಿಷಾದ ಎಲ್ಲಿಂದ ಬರುತ್ತೆ ಅನ್ನೋರು."

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದಳು ಮೇಡಂ. ತಾನು ಹಿಡಿದ ಮೊಲಕ್ಕೆ ಕಾಲೆಷ್ಟು ಎಂದು ಮೇಡಂ ಯಾವತ್ತೂ ಎಣಿಸಿದವಳಲ್ಲ.

"ಇದೆಲ್ಲ ಇರ್ಲಿ," ಎಂದಳು ಅವಳು. "ನನ್ನ ಕನ್ನಡಕ, ಮಂಡಿ, ಕೆಮ್ಮು, ಇದೆಲ್ಲಾ ನಿಮಗೆ ಹೇಗೆ ಗೊತ್ತಾಯ್ತು?"

ಏಣಿ ಮೇಡಮ್ಮಿನ ಮುಖ ನೋಡಿದ. ಮೇಡಂ ಕಿಟಕಿ ನೋಡಿದಳು. ಕೊನೆಗೆ ಏಣಿಯೇ ಬಾಗಿ ಚಿತ್ರದ ಬಲಗಡೆ ಮೂಲೆಯನ್ನು ಬೆರಳಲ್ಲಿ ತೋರಿಸಿದ. ಮರಳಿನ ಪಟ್ಟಿಯ ಮೇಲೆ ಕಿರುಬೆರಳ ಉಗುರಿನಷ್ಟು ಹಸಿರು. ಮೇಲೆ ಸಣ್ಣ, ಕೆಳಗೆ ಅಗಲ.

"ಅದು ನೀವು," ಎಂದ.

"ಏನು?"

"ದೋಣಿ ಕಳಿಸೋಕೆ ಬಂದು ನಿಂತಿರೋ ಹೆಂಗಸು ಅಂತ ಕಡಲಣ್ಣ ಹೇಳೋರು. ದಿನಾ ಬೆಳಿಗ್ಗೆ ಬಂದು ಕೋಟಿನ ಗುಂಡಿ ಹಾಕ್ಕೊಂಡು ಮೊದಲು ಅವಳನ್ನ ನೋಡೋರು. ಇವತ್ತು ಅವಳಿಗೆ ಎಡಗಾಲು ನೋವು, ನೋಡು ಹೇಗೆ ವಾಲಿ ನಿಂತಿದಾಳೆ. ಇವತ್ತು ಸಿಟ್ಟು, ನೋಡು ಬೆನ್ನು ಹೇಗೆ ನೆಟ್ಟಗಿದೆ. ಮೊದಮೊದಲು ನಾವು ಚಿತ್ರದ ಮಾತು ಅಂದ್ಕೊಂಡಿದ್ವಿ. ಆಮೇಲೆ ಒಂದಿನ ಅವಳ ಹೊಲಿಗೆ ಮೆಷಿನ್ ಬೆಲ್ಟ್ ಕಿತ್ತೋಗಿದೆ ಅಂದ್ರು. ಸಮುದ್ರದ ದಂಡೇಲಿ ಮೆಷಿನ್ ಎಲ್ಲಿಂದ ಬರುತ್ತಕ್ಕಾ?"

ಅವಳು ಅಡ್ಡ ಕಟ್ಟಿದ ಹಗ್ಗದ ಮೇಲೆ ಬಾಗಿ ಮುಖವನ್ನು ಚಿತ್ರಕ್ಕೆ ಒಂದು ಗೇಣಿನಷ್ಟು ಹತ್ತಿರ ತಂದಳು. ಅಷ್ಟು ಹತ್ತಿರ ಬಂದವರನ್ನು ಹಿಂದೆ ಸರಿಸುವುದೇ ಏಣಿಯ ಉದ್ಯೋಗ; ಅವನು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ನನ್ನ ಹತ್ರ ಹಸಿರು ಬಟ್ಟೇನೇ ಇಲ್ಲ. ಹಸಿರು ನನಗೆ ಒಪ್ಪಲ್ಲ," ಎಂದಳು. ಆಮೇಲೆ ದರ್ಜಿಯ ಕಣ್ಣು ಕಿರಿದಾಯಿತು. "ಇದು ಈ ಚಿತ್ರದ ಹಸಿರಲ್ಲ. ಬೇರೆ ಎಲ್ಲೂ ಇಲ್ಲ ಇದು. ನೀರಿನ ಹಸಿರಲ್ಲೂ ಒಂಚೂರು ಕಪ್ಪಿದೆ. ಇದರಲ್ಲಿ ಸುಣ್ಣ ಬೆರೆಸಿದ ಹಾಗಿದೆ." ಅವಳು ತಲೆಯೆತ್ತಿ ಕೋಣೆಯ ಸುತ್ತ ಕಣ್ಣಾಡಿಸಿದಳು. ಗೋಡೆ, ಕುರ್ಚಿ, ಬಾಗಿಲು. ಎಡಗಡೆಯ ಎತ್ತರದ ಕಿಟಕಿಯ ಮೇಲೆ ದೃಷ್ಟಿ ನಿಂತಿತು.

"ಇದು ಕಿಟಕಿಗೆ ಹೊಡೆದ ಬಣ್ಣ ಅಲ್ವಾ?"

ಮೇಡಂ ಉಸಿರುಬಿಟ್ಟಳು. "ತಜ್ಞೆಗೆ ಭೂತಗನ್ನಡಿ ಬೇಕಾಯ್ತು," ಎಂದಳು.

*

ಅದು ಒಂಬತ್ತು ವರ್ಷದ ಹಿಂದಿನ ಮಾತು. ಹಳೆಯ ಚಿತ್ರಗಳನ್ನು ಶುಚಿ ಮಾಡುವ ತಜ್ಞೆಯೊಬ್ಬಳು ಬಂದು ಮೂರು ವಾರ ಸಮುದ್ರದ ಮುಂದೆ ಕೂತಿದ್ದಳು. ಹತ್ತಿ ಸುತ್ತಿದ ಕಡ್ಡಿಯಿಂದ ಅವಳು ಉಜ್ಜಿದಂತೆ ಕಂದುಗಟ್ಟಿದ ವಾರ್ನಿಷ್ ಹೋಗಿ, ಆಕಾಶದ ಹಳದಿ ತೆಳ್ಳಗಾಗುತ್ತ ಬಂತು.

"ನೋಡಿದ್ರಾ ಮೇಡಂ? ಬೆಳಗಾಯ್ತು!" ಎಂದು ಕಡಲಣ್ಣ ಕುಣಿದಿದ್ದ.

"ಸಂಜೆನೇ ಅದು. ಮುಖ ತೊಳ್ಕೊಂಡಿದೆ ಅಷ್ಟೆ," ಎಂದಿದ್ದಳು ಮೇಡಂ.

ಕೊನೆಯ ದಿನ ತಜ್ಞೆ ಬಲಗಡೆ ಮೂಲೆಗೆ ಬಂದಳು. ಭೂತಗನ್ನಡಿ ಹಿಡಿದು ನೋಡಿದಳು. "ಇದು ಬಿದ್ದ ಹನಿ. ಯಾವಾಗಲೋ ಕಿಟಕಿಗೆ ಬಣ್ಣ ಹೊಡೆಯುವಾಗ ಚಿತ್ರಕ್ಕೆ ಬಟ್ಟೆ ಮುಚ್ಚದೆ ಸಿಡಿಸಿದಾರೆ. ತೆಗೆದುಬಿಡ್ತೀನಿ," ಎಂದು ಹೊಸ ಹತ್ತಿ ಸುತ್ತಿದಳು.

ಹಗ್ಗ ದಾಟಬಾರದೆಂದು ಸಾವಿರಾರು ಜನರಿಗೆ ಹೇಳಿದವನು ತಾನೇ ಹಗ್ಗ ದಾಟಿ, ಚಿತ್ರಕ್ಕೂ ತಜ್ಞೆಗೂ ನಡುವೆ ನಿಂತ.

"ಬೇಡಮ್ಮಾ. ಅವಳನ್ನ ತೆಗೆದ್ರೆ ಇಲ್ಲಿ ಯಾರೂ ಇರಲ್ಲ."

"ಅದು ಬಣ್ಣದ ಹನಿ ಕಣ್ರೀ."

"ಗೊತ್ತು. ಬಣ್ಣ ಹೊಡೆದ ದಿನ ನಾನೇ ಇದ್ದೆ. ಬಟ್ಟೆ ಮುಚ್ಚೋದು ಮರ್ತಿದ್ದು ನಾನೇ."

ಚಿತ್ರ ಕಾಯಬೇಕಾದವನು ಚಿತ್ರಕ್ಕೆ ಕಲೆ ಬೀಳಿಸಿ, ಬೈಗುಳಕ್ಕೆ ಹೆದರಿ, ಮೊದಲು ಕೇಳಿದವರಿಗೆ ಅದೊಬ್ಬಳು ಹೆಂಗಸು ಎಂದು ಸುಳ್ಳು ಹೇಳಿದ್ದ. ಯಾವ ಹೆಂಗಸು ಎಂದು ಅವರು ಕೇಳಿದಾಗ ಅವನಿಗೆ ಗೊತ್ತಿದ್ದವಳು ಒಬ್ಬಳೇ. ಹಾಗೆ ಶುರುವಾದದ್ದು ದಿನದ ಮಾತಾಯಿತು. ಮನೆಯಲ್ಲಿ ಎದುರಿಗೆ ನಿಂತು ಆಡಲಾಗದ ಮಾತೆಲ್ಲ ಇಲ್ಲಿ ಉಗುರಿನಷ್ಟು ಹಸಿರಿನ ಮುಂದೆ ಸಲೀಸಾಗಿ ಬರುತ್ತಿತ್ತು. ಕೆಲವು ಗಂಡಸರ ಹಣೆಬರಹವೇ ಅಷ್ಟು.

ತೆಗೆಯಬೇಕೋ ಬೇಡವೋ ಬರೆದುಕೊಡಿ ಎಂದು ಮೇಲಿನವರಿಂದ ಮೇಡಂ ಕಡೆ ಕಾಗದ ಬಂತು. ತಪ್ಪು ಅರ್ಥವನ್ನು ಕಂಡರೆ ಉರಿದುಬೀಳುವ ಮೇಡಂ ಎರಡು ದಿನ ಯೋಚಿಸಿ ಬರೆದಳು: ‘ಬಲಭಾಗದಲ್ಲಿ ಹಸಿರು ಕಲೆ. ಮೂಲ ಚಿತ್ರದ್ದಲ್ಲ. ತೆಗೆದರೆ ಹಾನಿಯಾದೀತು. ಹಾಗೆಯೇ ಬಿಡುವುದು.’ ಹಾನಿ ಯಾರಿಗೆ ಎಂದು ಬರೆಯಲಿಲ್ಲ.

*

ಮೇಡಂ ಹೇಳಿ ಮುಗಿಸಿದಾಗ ಕೇಳುತ್ತಿದ್ದವಳ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಏಣಿ ಗಾಬರಿಯಾಗಿ ಕಡಲಣ್ಣನ ಕುರ್ಚಿ ಎಳೆದುತಂದ. ಅವಳು ಅದರಲ್ಲಿ ದೊಪ್ಪನೆ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ನಗು ಹೊರಗೆ ಬಂತು.

"ಕಿಟಕಿ ಬಣ್ಣ!" ಎಂದಳು. "ಅಷ್ಟು ದೊಡ್ಡ ಸಮುದ್ರ ಇಟ್ಕೊಂಡು ನನ್ನನ್ನ ಕಿಟಕಿ ಬಣ್ಣ ಮಾಡಿದಾರಲ್ಲ ಈ ಪುಣ್ಯಾತ್ಮ!"

ಏಣಿ ನಕ್ಕ. ಮೇಡಮ್ಮೂ ನಕ್ಕಳು, ಅವಳು ಆ ಕೋಣೆಯಲ್ಲಿ ನಕ್ಕದ್ದನ್ನು ಏಣಿ ಹದಿನೆಂಟು ವರ್ಷದಲ್ಲಿ ಕಂಡಿರಲಿಲ್ಲ. ನಗು ಸವೆದ ಮೇಲೆ ಕಡಲಣ್ಣನ ಹೆಂಡತಿ ಕಣ್ಣೊರೆಸಿಕೊಂಡು, ಬೇರೆಯೇ ದನಿಯಲ್ಲಿ ಕೇಳಿದಳು.

"ಶುಕ್ರವಾರ ಏನು ಹೇಳಿದ್ರು?"

ಏಣಿ ಮೇಡಮ್ಮಿನ ಕಡೆ ತಿರುಗಿದ.

"ಹೇಳಿ. ಆವತ್ತು ಬೆಳಿಗ್ಗೆ ನಾನು ಒಂದು ಮಾತು ಕೇಳಿದ್ದೆ. ಉತ್ತರ ಕೊಡದೆ ಬಂದ್ರು."

"ಶುಕ್ರವಾರ ಏನೂ ಹೇಳ್ಲಿಲ್ಲ," ಎಂದಳು ಮೇಡಂ ನಿಧಾನವಾಗಿ. "ಅದೇ ನಮಗೆ ಆಶ್ಚರ್ಯ. ಕುರ್ಚಿ ಯಾವಾಗ್ಲೂ ಬಾಗಿಲ ಹತ್ರ ಇರುತ್ತೆ, ಬರೋರು ಹೋಗೋರು ಕಾಣ್ಬೇಕಲ್ಲ. ಆವತ್ತು ಚಿತ್ರದ ಮುಂದಕ್ಕೆ ಎಳ್ಕೊಂಡು ಕೂತ್ರು. ಮೂಲೆಗೆ ನೇರವಾಗಿ. ಬೆಳಿಗ್ಗೆಯಿಂದ ಸಂಜೆ ತನಕ. ಬೆಳಗು ಅಂತ ನನ್ನ ಹತ್ರ ಜಗಳಾನೂ ಆಡ್ಲಿಲ್ಲ. ಮೈ ಸರಿ ಇಲ್ವೇನೋ ಅಂತ ನಾನೇ ಹೋಗಿ ಕೇಳಿದೆ, ಏನ್ರೀ ಮಾಡ್ತಿದೀರಾ ಅಂತ."

"ಏನಂದ್ರು?"

"ಮುಖ ನೋಡ್ತಾ ಇದೀನಿ ಅಂದ್ರು. ನೋಡು ಅಂತ ಮನೇಲಿ ಹೇಳಿದಾರೆ. ಇಷ್ಟು ವರ್ಷ ಅವಳು ಸಮುದ್ರದ ಕಡೆ ತಿರುಗಿದಾಳೆ ಅಂದ್ಕೊಂಡಿದ್ದೆ ಮೇಡಂ, ಈ ಕಡೆಗೇ ತಿರುಗಿದಾಳೆ ಅಂದ್ರು."

ಅವಳು ತುಂಬ ಹೊತ್ತು ಆ ಹನಿಯನ್ನೇ ನೋಡುತ್ತ ಕೂತಳು. ಅದಕ್ಕೆ ಕಣ್ಣಿರಲಿಲ್ಲ, ಮೂಗಿರಲಿಲ್ಲ. ಮುಂದೆ ಯಾವುದು, ಹಿಂದೆ ಯಾವುದು, ನೋಡಿದವರು ಹೇಳಿದ ಹಾಗೆ. ದಿನವಿಡೀ ಇದನ್ನು ನೋಡುವ ಬದಲು ಮನೆಯಲ್ಲಿ ಅರೆಗಳಿಗೆ ತಲೆಯೆತ್ತಿದ್ದರೆ ಏನು ಹೋಗುತ್ತಿತ್ತು ಎಂದು ಸಿಟ್ಟು ಬಂತು. ಆ ಸಿಟ್ಟಿನ ಬೆನ್ನಿಗೇ ಪ್ರೀತಿಯೂ ಉಕ್ಕಿ ಬಂತು. ಮನೆಯಲ್ಲಿದ್ದಾಗ ಅವನು ಉಣ್ಣುತ್ತ, ಲೋಟ ತೊಳೆಯುತ್ತ, ಅವಳಿಗೆ ಗೊತ್ತಾಗದಂತೆ ನೋಡುತ್ತಲೇ ಇದ್ದನೆಂದಾಯಿತು. ಇಲ್ಲದಿದ್ದರೆ ಇಲ್ಲಿ ಬಂದು ಹೇಳಲು ಅಷ್ಟೊಂದು ಎಲ್ಲಿಂದ ಸಿಗಬೇಕು?

ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಮಗನಿರಬೇಕೆಂದುಕೊಂಡರೆ, ಮದುವೆಯಾಗಿ ಹೆಚ್ಚು ದಿನವಾಗಿರದ ಗಂಡ ಹೆಂಡತಿ. ಹುಡುಗಿ ಚಿತ್ರದ ಉದ್ದಕ್ಕೂ ನಡೆದು ಬಲಗಡೆ ಮೂಲೆಗೆ ಬಂದು ನಿಂತಳು. ಕಾವಲಿನ ಕುರ್ಚಿಯಲ್ಲಿ ಕೂತವಳನ್ನು ಕಾವಲಿನವಳೇ ಎಂದುಕೊಂಡಳು.

"ಅಮ್ಮಾ, ಈ ಹಸಿರು... ಇಲ್ಲಿ ಯಾರಾದ್ರೂ ನಿಂತಿದಾರಾ?"

ಮೇಡಂ ಬಾಯಿ ತೆರೆದಳು. ಮೂಲ ಚಿತ್ರದ್ದಲ್ಲ ಎನ್ನುವ ವಾಕ್ಯ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಹೂಂ," ಎಂದಳು ಕುರ್ಚಿಯಲ್ಲಿ ಕೂತವಳು. "ಒಬ್ಬ ಹೆಂಗಸು."

"ಪಾಪ, ಒಬ್ಬಳೇ. ಬೇಜಾರಲ್ಲಿದಾಳೆ ಅಲ್ವಾ?"

"ಶುಕ್ರವಾರದ ತನಕ ಇದ್ಲು. ಇವತ್ತು ಇಲ್ಲ. ಈಗ ತಾನೇ ನಗ್ತಾ ಇದ್ಲು."

ಹುಡುಗಿ ಹಗ್ಗದ ಮೇಲೆ ಬಾಗಿ ಕಣ್ಣು ಕಿರಿದು ಮಾಡಿದಳು. "ಹೇಗೆ ಗೊತ್ತಾಗುತ್ತಮ್ಮಾ? ಮುಖಾನೇ ಕಾಣಲ್ಲ."

"ದಿನಾ ನೋಡಿದ್ರೆ ಗೊತ್ತಾಗುತ್ತೆ," ಎಂದು ಅವಳು ಕುರ್ಚಿಯ ಕೈ ಹಿಡಿದು ಎದ್ದಳು. ಹೊರಗೆ ವ್ಯಾನಿನ ಎಂಜಿನ್ನು ಶುರುವಾಗಿತ್ತು. ಏಣಿಯ ತೋಳು ಹಿಡಿದು, ನೋಯುವ ಕಾಲನ್ನು ಮೊದಲು ಇಟ್ಟು, ಬಾಗಿಲು ದಾಟುತ್ತಿದ್ದಾಗ ಬೆನ್ನ ಹಿಂದೆ ಆ ಹುಡುಗಿಯ ದನಿ ಕೇಳಿಸಿತು.

"ರೀ, ಚಿತ್ರ ಆ ಕಡೆ ಇದೆ. ನನ್ನನ್ನ ಯಾಕೆ ಹಾಗೆ ನೋಡ್ತಿದೀರಾ?"